ಇಪ್ಪತ್ತೇಳನೆಯ ಕಂತು

ಬಿಟಿಎಂ ಲೇಔಟ್, ಬೆಂಗಳೂರು
14 ಸೆಪ್ಟೆಂಬರ್ 2008

ಪ್ರೀತಿಯ ತಮ್ಮಾ ಮೌನೇಶ,

ನಿನ್ನ ನೆಗಡಿ ಕಡಿಮೆಯಾಯಿತೆ? ಹನ್ನೆರಡು ವರ್ಷದಿಂದ ಮುಖ ತೋರಿಸದವನ ನೆಗಡಿ ಅಕ್ಕನಿಗೆ ಹೇಗೆ ಗೊತ್ತಾಯಿತೆಂದು ಹುಬ್ಬೇರಿಸಬೇಡ, ಹೇಳುತ್ತೇನೆ. ಅವ್ವ ಗಟ್ಟಿಯಾಗಿದ್ದಾಳೆ, ಮಂಡಿ ಹಿಡಿದುಕೊಂಡಿದೆ, ಕಿವಿ ಮಾತ್ರ ಈಗಲೂ ಚುರುಕು. ನಾನು ಅದೇ ಶಾಲೆಯ ಗ್ರಂಥಾಲಯದಲ್ಲಿದ್ದೇನೆ, ಅದೇ ಬಾಡಿಗೆ ಮನೆಯಲ್ಲಿದ್ದೇನೆ, ಪತ್ರಿಕೆಯ ಸಂಪಾದಕರಿಗೆ ಅದೇ ಸಿಟ್ಟಿನ ಪತ್ರಗಳನ್ನು ಬರೆಯುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ಬೀದಿಯ ಸೈಬರ್ ಸೆಂಟರಿನ ರಘು ನನ್ನನ್ನು ತಡೆದು, "ಮೇಡಂ, ನಿಮ್ಮ ಕಾಗೆ ನೆಟ್‌ನಲ್ಲಿ ಬಂದ್ಬಿಟ್ಟಿದೆ, ಸಖತ್ತಾಗಿದೆ!" ಎಂದ. ಪಿಳ್ಳಪ್ಪನವರ ಕೇಬಲ್ ಚಾನೆಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ನಾವು ಆಡಿಸುತ್ತಿದ್ದ ಬೊಂಬೆಯಾಟವನ್ನು ನೋಡಿ ಬೆಳೆದವನು ಅವನು. ಹೋಗಿ ನೋಡಿದೆ. ನಿಜ. ನನ್ನ ಕರಿ ಕಾಲುಚೀಲದ ಕಾಗೆ, ಗುಂಡಿಯ ಕಣ್ಣು, ಕೊರಳ ಹತ್ತಿರ ಹರಿದಲ್ಲಿ ನಾನು ಹಾಕಿದ ಕೆಂಪು ದಾರದ ಹೊಲಿಗೆ, ಒಳಗೆ ನಿನ್ನ ಕೈ, ನಿನ್ನ ದನಿ. ಬರೆದವಳ ಹೆಸರಿಲ್ಲ, ಅನುಮತಿಯ ಮಾತಿಲ್ಲ. ಕೆಳಗೆ ಜನ "ನಮ್ಮ ಬಾಲ್ಯ ವಾಪಸ್ ಸಿಕ್ತು ಗುರು" ಎಂದು ಹಿಗ್ಗಿಕೊಂಡಿದ್ದಾರೆ. ಬಾಲ್ಯ ನಿಮ್ಮದಿರಬಹುದು ಸ್ವಾಮಿ, ಬರವಣಿಗೆ ನನ್ನದು! ರಾತ್ರಿಯೆಲ್ಲ ಕೂತು ಬರೆದು, ಹರಿದು, ಮತ್ತೆ ಬರೆದವಳು ನಾನು. ಟೇಪುಗಳು ಪಿಳ್ಳಪ್ಪನವರ ಬಳಿಯೇ ಉಳಿದಿದ್ದವೆಂದು ನಂಬಿದ್ದ ನನಗೆ ಅನುಮಾನ ಬಂದದ್ದು ಅವರ ಮೇಲೆ. ನೀನಿರಬಹುದೆಂದು ಹೊಳೆಯಲೇ ಇಲ್ಲ.

ಆ ವಿಡಿಯೊ ತಾಣಕ್ಕೆ ದೂರು ಕೊಡಲು ಒಂದು ನಮೂನೆಯಿದೆ. ಇದರ ಹಕ್ಕು ನನ್ನದು, ಸುಳ್ಳಾದರೆ ಶಿಕ್ಷೆಗೆ ಸಿದ್ಧ ಎಂದು ಪ್ರಮಾಣ ಮಾಡಬೇಕು. ರಘು, "ಇಪ್ಪತ್ತೇಳಿವೆ ಮೇಡಂ, ಎಲ್ಲಾ ಹಾಕ್ಲಾ?" ಎಂದು ಕೇಳಿದ. "ಒಂದೂ ಬಿಡಬ್ಯಾಡಪ್ಪಾ," ಎಂದೆ. ಮನೆಗೆ ಬಂದು ಕೈಕಾಲು ತೊಳೆಯುವಾಗ ಲೆಕ್ಕ ಹೊಳೆಯಿತು. ನಾನು ಬರೆದದ್ದು ಇಪ್ಪತ್ತಾರೇ.

ಮರುದಿನ ಬೆಳಿಗ್ಗೆ ಅವ್ವನನ್ನೂ ಆಟೊದಲ್ಲಿ ಕೂರಿಸಿಕೊಂಡು ಹೋದೆ. ಇಪ್ಪತ್ತೇಳನೆಯದನ್ನು ಇನ್ನೂ ತೆಗೆದಿರಲಿಲ್ಲ. ಅದೇ ಕರಿ ಪರದೆ, ಅದೇ ಕಾಗೆ. ಹಾಡಿಲ್ಲ, ಕಥೆಯಿಲ್ಲ. ಕಾಗೆ ಪರದೆಯಾಚೆಯಿಂದ ನನ್ನನ್ನೇ ನೋಡುತ್ತಿತ್ತು. ಆಮೇಲೆ, "ನುಗ್ಗಿ ಗಿಡಾ ಕಡದಾರ. ಇನ್ನ ನಾ ಎಲ್ಲಿ ಕೂಡ್ಲಿ, ಅಕ್ಕಾ?" ಎಂದಿತು. ಮನೆಯ ಮಾಲೀಕರು ಕಾರು ನಿಲ್ಲಿಸಲು ನಮ್ಮ ಅಂಗಳದ ನುಗ್ಗೆ ಗಿಡ ಕಡಿಸಿದ್ದು ಈ ಜುಲೈಯಲ್ಲಿ. ದನಿ ನಿನ್ನದೇ, ಆದರೆ ಹತ್ತೊಂಬತ್ತು ವರ್ಷದವನದು. ಹನ್ನೆರಡು ವರ್ಷದ ಒಂದು ಗೆರೆಯೂ ಅದರ ಮೇಲಿರಲಿಲ್ಲ. ಅವ್ವ ಮಾತ್ರ, "ಅವಂಗ ನೆಗಡಿ ಆಗೇದ, ಕೇಳ್ಸಲ್ಲೇನ? ಶುಂಠಿ ಕಷಾಯ ಕುಡಿ ಅಂತ ಹೇಳ ಅವಂಗ," ಎಂದು ಆ ಪೆಟ್ಟಿಗೆಯ ಕಡೆ ಕೈ ಮಾಡಿದಳು.

ಮನೆಗೆ ಬಂದು ಟ್ರಂಕು ತೆಗೆದೆ. ನಮ್ಮ ಕಾಗೆ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿದೆ, ಕೊರಳಲ್ಲಿ ಕೆಂಪು ಹೊಲಿಗೆ. ಕಾಲುಚೀಲ ಎಂದ ಮೇಲೆ ಜೋಡಿ ಇದ್ದೇ ಇರುತ್ತದೆ, ಇನ್ನೊಂದನ್ನು ನೀನು ಒಯ್ದಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಆದರೆ ನಾನು ಹೊಲಿದದ್ದು ಒಂದನ್ನೇ, ಮೌನೇಶ. ಇದನ್ನು ಯಾವ ಪುಸ್ತಕ ಓದಿಯೂ ಬಗೆಹರಿಸಲು ನನಗಾಗಿಲ್ಲ.

ತೊಂಬತ್ತಾರರ ಮಾತನ್ನು ಎತ್ತದೆ ಈ ಕಾಗದ ಮುಗಿಯುವುದಿಲ್ಲ. ಪಿಳ್ಳಪ್ಪನವರು ಹೊಸ ಸಿನಿಮಾಗಳ ಕಳ್ಳ ಕ್ಯಾಸೆಟ್ ಹಾಕುತ್ತಾರೆಂದು ಪೊಲೀಸರಿಗೆ ಬರೆದವಳು ನಾನು. ಬಂದವರು ಮಾಲೀಕರನ್ನು ಬಿಟ್ಟು ವಿಸಿಆರ್ ಮುಂದೆ ಕೂತಿದ್ದ ನಿನ್ನನ್ನು ಹಿಡಿದರು. ಎರಡು ದಿನದ ಮೇಲೆ ಬಿಟ್ಟಾಗ ಠಾಣೆಯ ಬಾಗಿಲಲ್ಲೇ ನೀನು ಕೇಳಿದೆ, "ಬರದಾಕಿ ನೀನಽ ಏನಕ್ಕಾ?" ನಾನು "ಕಳವು ಕಳವೇ" ಎಂದೆ. ನೀನು ರಸ್ತೆ ದಾಟಿ ಸಿದ್ದಾಪುರದ ಬಸ್ಸು ಹತ್ತಿದೆ. ಅಂದು ಹೇಳಿದ್ದು ತಪ್ಪೆಂದು ಈಗಲೂ ನನಗನ್ನಿಸುವುದಿಲ್ಲ. ಹೇಳಿದ ಜಾಗ ತಪ್ಪು, ಹೇಳಿದ ಹೊತ್ತು ತಪ್ಪು. ನೀನು ಊಟ ಮಾಡಿದ್ದೀಯೋ ಇಲ್ಲವೋ ಎಂದು ಮೊದಲು ಕೇಳಬೇಕಿತ್ತು.

ಐದು ದಿನದ ಹಿಂದೆ ತಾಣದವರಿಂದ ಉತ್ತರ ಬಂತು. ಕಂತುಗಳನ್ನು ಹಾಕಿದವನು ನನ್ನ ದೂರನ್ನು ಒಪ್ಪದೆ ಎದುರು ಅರ್ಜಿ ಕೊಟ್ಟಿದ್ದಾನಂತೆ. ನಿಯಮದಂತೆ ಅದರ ಪ್ರತಿಯನ್ನು ನನಗೆ ಕಳಿಸಿದ್ದಾರೆ. ಹದಿನಾಲ್ಕು ದಿನದೊಳಗೆ ನಾನು ಕೋರ್ಟಿಗೆ ಹೋಗದಿದ್ದರೆ ಎಲ್ಲವನ್ನೂ ಮತ್ತೆ ಹಾಕುತ್ತಾರೆ. ಅರ್ಜಿಯ ಮೇಲೆ ನಿನ್ನ ಹೆಸರಿತ್ತು. ರಘುವಿನ ಅಂಗಡಿಯೆಂಬುದನ್ನೂ ಮರೆತು ಅತ್ತುಬಿಟ್ಟೆ. ಕೋರ್ಟಿಗೆ ಹೋಗುವುದಿಲ್ಲ, ಮಾರಾಯ. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ, ಅವ್ವನಿಗೇ ಆಶ್ಚರ್ಯ.

ಅವ್ವ ನಿನ್ನ ತಲೆ ನೇವರಿಸಿದೆನೆಂದು ಬರೆಯಲು ಹೇಳಿದ್ದಾಳೆ. ಎಲ್ಲಿದ್ದರೂ ಬೆಚ್ಚಗಿರು.

ನಿನ್ನ ಅಕ್ಕ,
ರಾಜಶ್ರೀ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ರಘು ಸ್ಕ್ಯಾನ್ ಮಾಡಲು ಕಾಯುತ್ತಿದ್ದಾನೆ. ಈ ಕಾಗದವನ್ನು ಅಂಚೆಗೆ ಹಾಕದೆ ನಿನ್ನ ಅರ್ಜಿಯಲ್ಲಿದ್ದ ಇ-ಮೇಲಿಗೆ ಕಳಿಸುವುದಕ್ಕೆ ಕಾರಣವಿದೆ. ಅರ್ಜಿಯಲ್ಲಿ ನಿನ್ನ ವಾಸದ ವಿಳಾಸವೆಂದು ಬರೆದಿರುವುದು ನಮ್ಮ ಈ ಮನೆಯನ್ನೇ. ಕೆಳಗೆ "ಇದು ಸತ್ಯ" ಎಂಬ ಪ್ರಮಾಣ, ನಿನ್ನ ರುಜು. ಓದಿದ ದಿನ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆಯೂ ಹುಡುಕಿ ಬಂದೆ, ನಗಬೇಡ. ಪ್ರಮಾಣ ಮಾಡಿ ಸುಳ್ಳು ಹೇಳಿದವಳು ನಾನೂ ಹೌದು. ನನ್ನದನ್ನು ತಿದ್ದಿದ್ದೇನೆ: ಇಪ್ಪತ್ತೇಳನೆಯ ಕಂತು ನನ್ನದಲ್ಲ, ನನ್ನ ತಮ್ಮನದು ಎಂದು ತಾಣದವರಿಗೆ ಬರೆದು ಕಳಿಸಿದೆ. ನಿನ್ನದನ್ನು ತಿದ್ದಲು ನಿನಗಿನ್ನೂ ಒಂಬತ್ತು ದಿನವಿದೆ. ಬಂದು ನಿಜ ಮಾಡು.