ಗುರುತಿನ ಅಲೆ

ಪುಣೆ,
೧೮ ಮೇ ೨೦೨೫

ಪ್ರೀತಿಯ ಅವ್ವನಿಗೆ ಪರಿಮಳಾಳ ಶರಣು.

ಫೋನ್ ಮಾಡಿದರೆ ನೀನು ತಮ್ಮ ಗಿರೀಶನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತೀ. ಅದಕ್ಕೇ ಈ ಕಾಗದ. ಕವರಿನ ಮೇಲೆ ಗುರುಶಾಂತವ್ವ ಎಂದು ನಿನ್ನ ಹೆಸರನ್ನೇ ಬರೆದಿದ್ದೇನೆ, ಗಿರೀಶನಿಗೆ ದಾಟಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಬನವಾಸಿಯ ಶಾಲೆಯಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟು, ಪುಣೆಯಲ್ಲಿ ಹವಾಮಾನದ ಸಂಶೋಧನೆ ಅಂತ ಗಾಳಿಯ ಬೆನ್ನು ಹತ್ತಿದಳು ಎಂದು ನಿನಗೆ ಸಿಟ್ಟು. ಸಿಟ್ಟು ಇರಲಿ. ನೀನು ಮಾತು ಬಿಟ್ಟಿದ್ದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ ಅವ್ವ. ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ಯುಗಾದಿಗೆ ಬಂದಾಗ ಪಡಸಾಲೆಯ ಗೂಡಿನಲ್ಲಿ ಒಂದು ಡಬ್ಬಿ ಇಟ್ಟು ಬಂದೆನಲ್ಲ, ಗಾಳಿಯ ಒತ್ತಡ ಅಳೆಯುವುದು. ಅಂಥದ್ದೇ ಯಲ್ಲಾಪುರದ ಕಡೆ ಇಡಗುಂದಿಯಲ್ಲಿ ಒಂದಿದೆ, ಸಿದ್ದಾಪುರದ ಕಾನಸೂರಿನಲ್ಲಿ ಇನ್ನೊಂದು. ಅವುಗಳ ಅಳತೆ ಆಗಿಂದಾಗ ಇಲ್ಲಿಗೆ ಬರುತ್ತದೆ. ಗುಡುಗು ಮೋಡ ಗಾಳಿಯನ್ನು ಮೇಲಕ್ಕೆ ನೂಕುತ್ತದೆ, ಅದು ತನ್ನ ಭಾರಕ್ಕೆ ಕೆಳಗಿಳಿದು ಮತ್ತೆ ಏಳುತ್ತದೆ. ನಮ್ಮ ಗುಡ್ನಾಪುರದ ಕೆರೆಗೆ ಎಮ್ಮೆ ಇಳಿದರೆ ಅಲೆ ದಂಡೆಯವರೆಗೆ ಬರುವುದಿಲ್ಲವೇ, ಹಾಗೆ. ಇದಕ್ಕೆ ಗುರುತ್ವದ ಅಲೆ ಅನ್ನುತ್ತಾರೆ ಎಂದು ಗಿರೀಶನಿಗೆ ಹೇಳುತ್ತಿದ್ದೆ. ನೀನು ಒಳಗಿನಿಂದಲೇ ಕೇಳಿಸಿಕೊಂಡು, ನನ್ನ ಮಗಳು ಗುರುತಿನ ಅಲೆ ಹುಡುಕತಾಳಂತ ಎಂದು ಪಕ್ಕದ ಮನೆಯ ಪಾರ್ವತವ್ವನಿಗೆ ಹೇಳಿದೆಯಂತೆ. ಇಲ್ಲಿ ಎಲ್ಲರಿಗೂ ಹೇಳಿ ನಕ್ಕಿದ್ದೆ.

ಲೆಕ್ಕದ ಪ್ರಕಾರ ಅಲೆ ಏರಿಳಿದು ದಾಟಿ ಹೋಗಬೇಕು. ಇಡಗುಂದಿ, ಕಾನಸೂರಿನಲ್ಲಿ ಹಾಗೇ ಆಯಿತು. ನಮ್ಮ ಮನೆಯಲ್ಲಿ ಮಾತ್ರ ಮೊದಲ ಗುಡುಗಿಗೇ ಒತ್ತಡ ಇಳಿದರೆ ಮಳೆ ನಿಲ್ಲುವ ತನಕ ಏಳುತ್ತಲೇ ಇರಲಿಲ್ಲ. ನಾನು ಅದನ್ನು ಕೆರೆಯ ತಂಪಿನ ಮೇಲೆ ಹೊರಿಸಿ ಏನೇನೋ ಬರೆದೆ. ಇಲ್ಲಿ ನನಗೆ ಮಾರ್ಗದರ್ಶನ ಮಾಡುವ ಮೇಡಂ ಕೂಡ ಹುರುಪುಗೊಂಡರು. ಆದರೆ ಪ್ರತಿ ಮಳೆಗೂ ಇಳಿತ ಒಂದೇ ಅಳತೆಯದಾಗಿರುತ್ತಿತ್ತು. ಗಾಳಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಮೇಲೆ ಹೋದ ಹಾಗೆ ಒತ್ತಡ ಕಡಿಮೆಯಾಗುತ್ತದೆ. ಆ ಇಳಿತವನ್ನು ಎತ್ತರದ ಲೆಕ್ಕಕ್ಕೆ ತಿರುಗಿಸಿ ನೋಡಿದೆ. ಸರಿಯಾಗಿ ನಮ್ಮ ಅಟ್ಟದ ಎತ್ತರ!

ಗಿರೀಶನನ್ನು ಕೇಳಿದೆ. ಗುಡುಗಿದರ ಸಾಕು, ಎರಚಲು ಬಡೀತದ ಅಂತ ಅವ್ವ ಡಬ್ಬೀನ ಸೆರಗಿನಾಗ ಸುತ್ತಿಕೊಂಡು ಏಣಿ ಹತ್ತತಾಳ, ಬಿತ್ತೋ ಭತ್ತದ ಬಾಜೂಕ ಇಟ್ಟು ಅಲ್ಲೇ ಕೂಡತಾಳ ಎಂದ. ಆ ಮೊಣಕಾಲು ಇಟ್ಟುಕೊಂಡು!

ಅಟ್ಟದ ಎತ್ತರ ಕಳೆದ ಮೇಲೆ ನಮ್ಮ ಮನೆಯ ಅಲೆಯೂ ಲೆಕ್ಕಕ್ಕೆ ಕೂಡಿತು. ಕಾನಸೂರಿಗೆ ಮಾತ್ರ ಅಲೆ ಲೆಕ್ಕಕ್ಕಿಂತ ಸ್ವಲ್ಪ ಬೇಗ ಬರುತ್ತದೆ, ಯಾಕೋ ಇನ್ನೂ ಗೊತ್ತಿಲ್ಲ. ಮೇಡಂ ಆ ಇಳಿತವನ್ನು ಅಳಿಸಿಬಿಡು ಎಂದರು, ಅಳಿಸಿದೆ. ಅದಕ್ಕೂ ಮೊದಲು ಆ ಇಳಿತದ ಗೆರೆಯ ಒಂದು ಪ್ರತಿ ತೆಗೆದು ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಂಡು ಅತ್ತುಬಿಟ್ಟೆ. ನೀನು ಅಂದದ್ದೇ ಸರಿ, ಅದು ಗುರುತಿನ ಅಲೆಯೇ.

ಇನ್ನು ಏಣಿ ಹತ್ತಬೇಡ. ಡಬ್ಬಿ ನೆನೆದರೂ ಕೆಡುವುದಿಲ್ಲ.

ನಿನ್ನ ಮಗಳು,
ಪರಿಮಳಾ

ತಾ.ಕ.: ಸಿಟ್ಟು ಇಳಿದ ದಿನ, ಬಾಯಿ ಬಿಟ್ಟು ಹೇಳಲು ಆಗದಿದ್ದರೆ, ಬಿಸಿಲಿನ ಹೊತ್ತಿಗೆ ಡಬ್ಬಿಯನ್ನು ಗೂಡಿನಿಂದ ತೆಗೆದು ನೆಲದ ಮೇಲೆ ನಿನ್ನ ಪಕ್ಕ ಇಟ್ಟುಕೋ. ಒತ್ತಡ ಒಂದು ಚೂರು ಏರುತ್ತದೆ, ನನಗೆ ಇಲ್ಲಿ ಕಾಣುತ್ತದೆ. ಆಗಲೇ ಫೋನ್ ಮಾಡುತ್ತೇನೆ. ಗಿರೀಶನ ಕೈಗೆ ಕೊಡಬೇಡ.