ಹದಿನಾಲ್ಕನೇ ಪುಟದ ಬಾಗಿಲು

ಕ್ರೈಸ್ತ ಸಭೆಯ ಶಿಷ್ಯತ್ವ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ನಿಮ್ಮ ಈ ವರ್ಷದ ಕೈಪಿಡಿಯ ಹದಿನಾಲ್ಕನೇ ಪುಟವನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ. ‘ಪ್ರಾರ್ಥನೆಯಿಂದ ಕದಲದ ಸಹೋದರಿ’ ಎಂದು ಅಲ್ಲಿ ನೀವು ಹೊಗಳಿರುವ ಚಂದವ್ವ ನನ್ನ ಶಿಷ್ಯೆ. ಅವಳು ಮಾಡಿದ್ದು ತಪ್ಪು, ಕಲಿಸಿದವಳು ನಾನು. ಇದನ್ನು ತಿಳಿಸಿ ಎರಡು ಪತ್ರ ಬರೆದೆ. ಉತ್ತರವಾಗಿ ನೀವು ನನಗೆ ಇನ್ನೂ ಹನ್ನೆರಡು ಮಂದಿ ಶಿಷ್ಯೆಯರನ್ನು ಮಂಜೂರು ಮಾಡಿದ್ದೀರಿ. ಹಾಗಾಗಿ ಮೂರನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಚಂದವ್ವ ಕಲಬುರಗಿ ಕಡೆಯವಳು, ಕಟ್ಟಡ ಕೆಲಸಕ್ಕೆ ಹೋಗುವವಳು, ಇಲ್ಲೇ ಠಾಣೆ ಪಕ್ಕದ ಮುಂಬ್ರಾದ ಚಾಳಿನಲ್ಲಿ ಒಂದು ಕೋಣೆ. ಓದು ಬರುವುದಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ವರ್ತಕ ನಗರದ ನನ್ನ ಮನೆಗೆ ಬಂದಳು. ನಿಮ್ಮ ಪಾಠಪುಸ್ತಕವನ್ನು ನಾನು ಓದುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು. ಅವಳು ಯಾವುದನ್ನು ಓದುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಒಮ್ಮೆ ಪ್ರಾರ್ಥನೆಯ ನಡುವೆ ಬಾಗಿಲ ಬೆಲ್ ಸದ್ದಾಯಿತು. ನಾನು ಏಳಲಿಲ್ಲ. “ದೇವರ ಹೊತ್ತಿನಲ್ಲಿ ಬಾಗಿಲು ತೆಗೆಯಬಾರದು ಚಂದವ್ವ” ಎಂದೆ. ನಿಜ ಹೇಳುತ್ತೇನೆ. ಬಂದವರು ಕೆಳಮನೆಯವರು. ನಮ್ಮ ಬಾತ್‌ರೂಮಿನ ನೀರು ಅವರ ಸೀಲಿಂಗಿಗೆ ಇಳಿಯುತ್ತಿತ್ತು, ನನಗೆ ಅವರ ಮುಖ ನೋಡುವುದು ಬೇಡವಾಗಿತ್ತು. ಆ ದಿನ ಪ್ರಾರ್ಥನೆಯನ್ನು ಹತ್ತು ನಿಮಿಷ ಹೆಚ್ಚು ಎಳೆದೆ.

ಕಳೆದ ಜೂನ್‌ನಲ್ಲಿ ಚಂದವ್ವ ಖುಷಿಯಿಂದ ಬಂದಳು. “ನೀವು ಕಲಿಸಿದಂಗೇ ಮಾಡೀನ್ರಿ ಅಕ್ಕಾರ. ಪ್ರಾರ್ಥನಿಗೆ ಕುಂತಿದ್ದೆ, ಬಾಜೂ ಖೋಲಿ ಅನಸೂಯಾ ಬಂದು ಬಾಗಲಾ ಬಡದ್ಳು. ‘ಚಂದವ್ವಾ, ತಗಿಯೇ, ತಗಿಯೇ’ ಅಂತ ಒಂದೇ ಸವನ. ನಾ ಎದ್ದಿಲ್ಲ ನೋಡ್ರಿ!”

“ಯಾಕೆ ಬಡಿದಳಂತೆ?” ಎಂದು ಕೇಳಿದೆ.

“ಕೂಸಿಗೆ ಜ್ವರಾ ಏರಿ ಫಿಟ್ಸ್ ಬಂದಿತ್ತಂತ್ರಿ. ದವಾಖಾನಿಗೆ ಒಬ್ಬಾಕಿನೇ ಓಡಿದ್ಳು.”

ಮಗು ಬದುಕಿತು, ಅದರಲ್ಲಿ ನನ್ನ ಪಾತ್ರವೂ ಇಲ್ಲ, ಚಂದವ್ವನದೂ ಇಲ್ಲ. ಹಿಂದೆ ಚಂದವ್ವ ಟೈಫಾಯಿಡ್‌ನಲ್ಲಿ ಮಲಗಿದ್ದಾಗ ಗಂಜಿ ಕುಡಿಸಿದವಳು ಇದೇ ಅನಸೂಯಾ.

ಇದನ್ನೆಲ್ಲ ತ್ರೈಮಾಸಿಕ ವರದಿಯಲ್ಲಿ ತಪ್ಪೊಪ್ಪಿಗೆಯಾಗಿ ಬರೆದೆ. ನಿಮ್ಮ ಕಚೇರಿ ಬಾಗಿಲು ತೆಗೆಯದ ಭಾಗವನ್ನು ಉಳಿಸಿಕೊಂಡಿತು. ‘ಹೊರಗೆ ನಿಂತವಳ ಮಗು ಸಾಯುವ ಸ್ಥಿತಿಯಲ್ಲಿತ್ತು. ಇದು ನನ್ನ ಬೋಧನೆಯ ಫಲ’ ಎಂಬ ಕೊನೆಯ ಎರಡು ವಾಕ್ಯಗಳನ್ನು ತೆಗೆದುಹಾಕಿತು. ಸ್ಥಳಾಭಾವವೇ? ಪಕ್ಕದಲ್ಲಿ ಚಂದವ್ವನ ಫೋಟೋಕ್ಕೆ ಅರ್ಧ ಪುಟ ಸಿಕ್ಕಿದೆಯಲ್ಲ! ಫೋನ್ ಮಾಡಿದರೆ ನಿಮ್ಮ ಕಚೇರಿಯ ದಿಶಾ ಹೇಳಿದ್ದಿಷ್ಟು: “ಪ್ರಿಂಟ್ ಆಗಿ ಹೋಯ್ತಲ್ಲ ಆಂಟಿ. ಎಲ್ಲರಿಗೂ ಇಷ್ಟ ಆಗಿದೆ. ನೀವು ಸುಮ್ನೆ ಯಾಕೆ ಟೆನ್ಷನ್ ತಗೊಳ್ತೀರಿ?”

ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಮೂಲದ ತಪ್ಪನ್ನೂ ಬಿಡದೆ ದಾಟಿಸುವ ಅನುವಾದಕರಿದ್ದಾರೆ. ಓದುವಾಗ ಅವರ ನಿಷ್ಠೆಗೆ ಕನಿಕರವಾಗುತ್ತದೆ. ಚಂದವ್ವ ಅಂಥವಳು. ಶಿಷ್ಯರನ್ನು ಮಾಡುವುದೆಂದರೆ ಕರ್ತನ ಹಿಂದೆ ಇಬ್ಬರೂ ನಡೆಯುವುದು ಎಂದು ನಾವು ಹೇಳುತ್ತೇವೆ. ನಡುವೆ ನಾನು ಅಡ್ಡ ನಿಂತರೆ ಹಿಂದಿನವಳಿಗೆ ಕಾಣುವುದು ನನ್ನ ಬೆನ್ನು ಮಾತ್ರ. ನಿಮ್ಮ ನಮೂನೆಯಲ್ಲಿ ‘ಶಿಷ್ಯರ ಶಿಷ್ಯರು ಎಷ್ಟು?’ ಎಂಬ ಕಾಲಂ ಇದೆ. ಅವರು ಏನಾದರು ಎಂದು ಕೇಳುವ ಕಾಲಂ ಎಲ್ಲಿದೆ, ಮಾನ್ಯರೇ?

ಚಂದವ್ವನಿಗೆ ಹೇಳಿ ನೋಡಿದೆ. ಬಾಗಿಲು ತೆಗೆಯಬೇಕಿತ್ತು, ನಾನು ಹೇಳಿದ್ದು ಸುಳ್ಳು ಎಂದೆ. ನಕ್ಕಳು. “ನೀವು ಭಾಳ ಸಣ್ಣಾಗಿ ಮಾತಾಡ್ತೀರಿ ಅಕ್ಕಾರ. ಸುಳ್ಳಾಗಿದ್ರ ದೊಡ್ಡೋರು ಪುಸ್ತಕದಾಗ ಹಾಕ್ತಿದ್ರೇನ್ರಿ?” ನನ್ನ ಪಶ್ಚಾತ್ತಾಪವೂ ಅವಳಿಗೆ ನಮ್ರತೆಯ ಪಾಠವಾಗಿ ಕಂಡಿತು. ನೀವು ಈಗ ಅವಳಿಗೆ ಇಬ್ಬರು ಶಿಷ್ಯೆಯರನ್ನು ಕೊಟ್ಟಿದ್ದೀರಿ.

ಕಳೆದ ಭಾನುವಾರ ಮಧ್ಯಾಹ್ನ ಮುಂಬ್ರಾಕ್ಕೆ ಹೋದೆ. ಬಾಗಿಲು ಹಾಕಿತ್ತು, ಒಳಗೆ ಮೂವರ ದನಿ. ತಟ್ಟಿದೆ. “ಚಂದವ್ವ, ನಾನು ವಿಮಲಾ” ಎಂದೆ. ದನಿಗಳು ಇನ್ನಷ್ಟು ಏರಿದವು. ಮತ್ತೆ ತಟ್ಟಿದೆ.

ಪಕ್ಕದ ಬಾಗಿಲು ತೆರೆಯಿತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅನಸೂಯಾ ನಿಂತಿದ್ದಳು. “ಅರ್ಧಾ ತಾಸು ತಗಿಯಂಗಿಲ್ಲ ಆಕಿ,” ಎಂದಳು. “ಬಿಸಿಲಾಗ ಯಾಕ್ ನಿಂತೀರಿ? ಒಳಗ ಬರ್ರಿ, ನೀರು ಕುಡೀರಿ.”

ನಾನು ಯಾರೆಂದು ಅವಳು ಕೇಳಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ನೀರು ಕುಡಿದೆ.

ಆ ಎರಡು ವಾಕ್ಯಗಳನ್ನು ಅಚ್ಚು ಮಾಡಿ. ಹನ್ನೆರಡು ಮಂದಿಯನ್ನು ನನ್ನ ಹೆಸರಿನಿಂದ ತೆಗೆಯಿರಿ. ಇನ್ನೊಂದು ಬೇಡಿಕೆ: ಚಂದವ್ವ ನಿಮ್ಮ ಮಾತನ್ನು ನಂಬುತ್ತಾಳೆ. ಒಮ್ಮೆ ಮುಂಬ್ರಾಕ್ಕೆ ನೀವೇ ಹೋಗಿ, ಬಾಗಿಲು ತೆಗೆಯಲು ಅವಳಿಗೆ ಹೇಳಿ. ಭಾನುವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ನಿಮಗೂ ತೆಗೆಯಲಾರಳು.

ಇಂತಿ,
ಚಂದವ್ವನ ಹೊಸ್ತಿಲಾಚೆಯಿಂದ, ಅವಳ ಗುರುವೆಂದು ನಿಮ್ಮ ದಾಖಲೆಯಲ್ಲಿರುವ
ವಿಮಲಾ
ವರ್ತಕ ನಗರ, ಠಾಣೆ