ಸೀನೀರಿನ ಅಳತೆ

ಸಾಲಗುಂದ
27-10-1991

ತೀರ್ಥರೂಪ ಆದಪ್ಪಣ್ಣನಿಗೆ,

ತಮ್ಮ ತಾಯಪ್ಪನ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆದು ಎರಡು ಇನ್‌ಲ್ಯಾಂಡ್ ಹರಿದು ಹಾಕಿದೆ. ದಸರೆಗೆ ಬನ್ನಿ ಕೊಡಲು ತುರ್ವಿಹಾಳಕ್ಕೆ ಬರಲಿಲ್ಲವೆಂದು ಅತ್ತಿಗೆ ಸಿಟ್ಟಾಗಿರಬೇಕು. ಕೆಲಸವೇನೂ ಇರಲಿಲ್ಲ. ಸಿಂಧನೂರು ಬಸ್ ಸ್ಟ್ಯಾಂಡಿನವರೆಗೆ ಬಂದು, ಎರಡು ಬಸ್ ಬಿಟ್ಟು ತಿರುಗಿ ಹೋದೆ. ಈ ಕಾಗದ ಬರೆಯುವಾಗಲೂ ನಾಲ್ಕು ಸಲ ಎದ್ದು ಕುಳಿತಿದ್ದೇನೆ.

ನೀನು ಮಕ್ಕಳಾಟ ಎಂದು ನಗುವ, ಮಣ್ಣು ಪರೀಕ್ಷೆ ಕೇಂದ್ರದ ನನ್ನ ಕೆಲಸವೇ ಇದಕ್ಕೆಲ್ಲ ಮೂಲ. ಇಷ್ಟು ನೀರಿಗೆ ಇಷ್ಟು ಉಪ್ಪು ಎಂದು ತೂಗಿ ಬಕೆಟ್‌ಗಳಲ್ಲಿ ಕದಡಿ, ಸೆನ್ಸರ್ ಕಡ್ಡಿಯನ್ನು ಒಂದೊಂದರಲ್ಲೂ ಅದ್ದಿ, ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳುತ್ತೇನೆ. ಆಮೇಲೆ ಹೊಲದಲ್ಲಿ ಕಡ್ಡಿ ಊರಿದಾಗ ಆ ಪಟ್ಟಿ ನೋಡಿಯೇ ಮಣ್ಣಿನ ಉಪ್ಪು ಹೇಳುವುದು. ಕದಡಲು ಭಟ್ಟಿ ಇಳಿಸಿದ ನೀರೇ ಬೇಕು. ಬೇಸಿಗೆಯಲ್ಲಿ ಅದು ತೀರಿತ್ತು. ಗುರುಗುಂಟಾದ ಮಾವನ ಬಾವಿಯಿಂದ ಎರಡು ಕ್ಯಾನ್ ತಂದೆ. ಊರೆಲ್ಲ ಕುಡಿಯುವ ಸೀನೀರು, ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಇದರಲ್ಲೇನು ಉಪ್ಪು ಎಂದುಕೊಂಡೆ.

ಹೋದ ವಾರ ಸರಿಯಾದ ನೀರು ಬಂತು. ಮತ್ತೆ ಅದ್ದಿ ನೋಡಿದರೆ ಹಳೆ ಪಟ್ಟಿಗೂ ಹೊಸದಕ್ಕೂ ತಾಳೆಯೇ ಇಲ್ಲ. ನಮ್ಮ ಹಿರಿಯ ಸಹಾಯಕ ಅಮೀನ್‌ಸಾಬ್ ಹಣೆ ಬಡಿದುಕೊಂಡ. "ನಾಲಿಗಿಗೆ ಸೀ ಆದ್ರ ತಂತಿಗೂ ಸೀ ಆಗತೈತೇನಲೇ? ಬಾವಿ ನೀರಾಗಿನ ಉಪ್ಪು ನೀ ಹಿಡಿದೇ ಇಲ್ಲ. ಇಷ್ಟು ದಿನ ನೀ ಅಳೆದದ್ದೆಲ್ಲಾ ಕಮ್ಮಿ ತೋರಿಸೈತಿ!"

ಅಣ್ಣಾ, ಅದರಲ್ಲಿ ನಮ್ಮ ಕೆಳಗಿನ ಹೊಲವೂ ಇದೆ. ಮುಂಗಾರಿಗೆ ಮೊದಲು ಹೊಲ ಪಾಲು ಮಾಡಿಕೊಂಡ ದಿನ ನೀನೇ ಅಂದೆ, "ನಿನ್ನ ಮಿಷನ್ ತಾ ಲೇ. ಅದು ಯಾರ ಮಾರಿನೂ ನೋಡಂಗಿಲ್ಲ." ಕಡ್ಡಿ ಊರಿ, ಪಟ್ಟಿ ನೋಡಿ, ಎರಡರಲ್ಲೂ ಉಪ್ಪಿಲ್ಲ, ಎರಡೂ ಹೊಲ ಒಂದೇ ಎಂದೆ. ಅವ್ವ ಕೆಳಗಿನ ಮಣ್ಣನ್ನು ನಾಲಿಗೆಗೆ ಹಚ್ಚಿ ಉಗುಳಿ, "ಸವಳೈತೆಪ್ಪಾ" ಅಂದಳು. ಎಲ್ಲರೂ ನಕ್ಕೆವು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ನಾನು ಮೇಲಿನದನ್ನು ಆರಿಸಿದೆ.

ಈಗ ನಿನ್ನ ಭತ್ತದ ಗರಿ ಸುಟ್ಟಂತಾಗಿದೆಯೆಂದು ಪಕ್ಕದ ಹೊಲದ ರಹಿಮಾನ್ ಹೇಳಿದ. "ನಿಮ್ಮಣ್ಣ ಗೊಬ್ಬರ ಸಾಲವಲ್ದು ಅಂತ ಮತ್ತ ಹಾಕಾಕತ್ತಾನ" ಎಂದ. ಹಾಕಬೇಡ ಅಣ್ಣಾ. ಅದು ಸವಳು, ಮಣ್ಣಿಗೆ ಏರಿದ ಉಪ್ಪು. ಬಸಿಗಾಲುವೆ ತೋಡಬೇಕು, ಸನಿಕೆ ಹಿಡಿದು ನಾನೇ ಬರುತ್ತೇನೆ. ಎರಡೂ ಹೊಲ ಕೂಡಿಸಿ ಮತ್ತೆ ಪಾಲು ಮಾಡೋಣ. ಈ ಸಲ ನಾನು ಪಾಲು ಮಾಡುತ್ತೇನೆ, ನೀನು ಆರಿಸು.

ಅವ್ವನಿಗೆ ನಮಸ್ಕಾರ. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ನೀನೇ ಕೈ ಇಡು. ನಿನ್ನ ಆಶೀರ್ವಾದ ಬೇಡಲು ನನಗೆ ಬಾಯಿ ಬರುತ್ತಿಲ್ಲ.

ನಿನ್ನ ತಮ್ಮ,
ತಾಯಪ್ಪ

ತಾ.ಕ.: ಇಷ್ಟು ಬರೆದೂ ಹೇಳಬೇಕಾದದ್ದು ಉಳಿಯಿತು. ಪಾಲಿನ ದಿನ ಬೆಳಿಗ್ಗೆ, ನೀವೆಲ್ಲ ಹೊಲಕ್ಕೆ ಬರುವ ಮೊದಲೇ, ನಾನೂ ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದ್ದೆ. ಉಪ್ಪಿತ್ತು. ಮೀಟರ್ ಇಲ್ಲ ಎಂದಿತು, ನನಗೆ ಅಷ್ಟೇ ಬೇಕಾಗಿತ್ತು. ಅವ್ವನನ್ನು ನೋಡಿ ಮೊದಲು ನಕ್ಕವನೂ ನಾನೇ. ಲಕೋಟೆಯಲ್ಲಿ ಬನ್ನಿ ಇಟ್ಟಿದ್ದೇನೆ, ಒಣಗಿದೆ. ತೆಗೆದುಕೊಳ್ಳುವುದೂ ಬಿಡುವುದೂ ನಿನಗೆ ಬಿಟ್ಟದ್ದು.